ಕೂಡಿ ಮಾಡುವ ಕೆಲಸದಲ್ಲಿ ಹಿರಿತನವೂ ನ್ಯಾಯವೂ

ಇಬ್ಬರು ಸೇರಿ ಒಂದು ಕೆಲಸಕ್ಕೆ ಕೈಹಾಕಿದರೆ ಮಾತುಕತೆಯೇ ಸಾಕು. ಹತ್ತು ಮಂದಿ ಸೇರಿದರೆ ಹೇಳುವವರು ಒಬ್ಬರೂ ಕೇಳುವವರು ಉಳಿದವರೂ ಆಗಲೇಬೇಕಾಗುತ್ತದೆ. ಮದುವೆಯ ಮನೆಯ ಅಡಿಗೆಯಲ್ಲಿಯೂ, ಆಸ್ಪತ್ರೆಯ ವಾರ್ಡಿನಲ್ಲಿಯೂ, ಸರಕಾರದ ಕಚೇರಿಯಲ್ಲಿಯೂ, ಶಾಲೆಯ ಆಟದ ಬಯಲಿನಲ್ಲಿಯೂ ಇದೇ ರೀತಿ. ‘ನೀನೂ ದೊರೆ, ನಾನೂ ದೊರೆ, ಹೊರೆ ಹೊರುವವರಾರು?’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಆದಕಾರಣ ಹಿರಿತನವು ಇರಬೇಕೋ ಬೇಡವೋ ಎಂಬುದನ್ನು ನಾವಿಲ್ಲಿ ಚರ್ಚಿಸುವುದಿಲ್ಲ. ಅದು ಯಾವ ರೀತಿಯಲ್ಲಿದ್ದರೆ ಕೆಲಸವು ಚೆನ್ನಾಗಿ ಸಾಗುತ್ತದೆ, ಯಾವ ರೀತಿಯಲ್ಲಿದ್ದರೆ ಪ್ರತಿಯೊಬ್ಬರಿಗೂ ಸಲ್ಲತಕ್ಕದ್ದು ಸಲ್ಲುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ವಿಚಾರಿಸಬೇಕೆಂದಿದ್ದೇವೆ.

ಇವೆರಡೂ ಒಂದೇ ಪ್ರಶ್ನೆಯೆಂದು ಎಣಿಸುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಎತ್ತನ್ನು ಹೊಡೆದು ಬಡಿದೂ ಗಾಣದಿಂದ ಎಣ್ಣೆ ತೆಗೆಯಬಹುದು. ಎಣ್ಣೆಯ ಅಳತೆಯನ್ನು ನೋಡಿ ಎತ್ತಿನ ಬೆನ್ನಿನ ಸ್ಥಿತಿಯನ್ನು ತಿಳಿಯಲಾಗದು.

ತರಗತಿಯ ಮಾನಿಟರಳಾಗಿ ಒಂದು ವರ್ಷವಾದರೂ ದುಡಿದವರು ನಮ್ಮ ವಾಚಕಿಯರಲ್ಲಿ ಅನೇಕರಿರಬೇಕು. ಆ ಪದವಿಗೂ ನಮ್ಮ ದಕ್ಷಿಣ ದೇಶಕ್ಕೂ ಹಳೆಯ ನಂಟಿದೆ. ೧೭೮೯ರಲ್ಲಿ ಮದ್ರಾಸಿನ ಎಗ್ಮೂರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳ ಶಾಲೆಗೆ ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿಯು ಮೇಲ್ವಿಚಾರಕನಾದನು. ಊರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಆತನು ಕಂಡು ತನ್ನ ಶಾಲೆಯಲ್ಲಿಯೂ ಹಾಗೆಯೇ ಕಲಿಸಬೇಕೆಂದನು. ಸಂಬಳದ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕನ್ ಎಂಬ ಸುಮಾರು ೮ ವರ್ಷದ ಹುಡುಗನನ್ನು ಅಕ್ಷರದ ತರಗತಿಗೆ ಗುರುವನ್ನಾಗಿ ನೇಮಿಸಿದನು. ಹುಡುಗನು ಗೆದ್ದನು. ಬೆಲ್ಲನು ಸ್ವದೇಶಕ್ಕೆ ಮರಳಿ ೧೭೯೭ರಲ್ಲಿ ಈ ವಿಷಯವನ್ನು ಅಚ್ಚು ಹಾಕಿಸಿದ ಮೇಲೆ ಇದಕ್ಕೆ ‘ಮದ್ರಾಸ್ ಪದ್ಧತಿ’ ಎಂದೇ ಹೆಸರಾಯಿತು. ನಮ್ಮ ಐಗಳ ಮಠಗಳಲ್ಲಿ ದೊಡ್ಡ ಹುಡುಗನು ಚಿಕ್ಕವರಿಗೆ ಹೇಳಿಕೊಡುತ್ತಿದ್ದುದನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣದು.

ಆದರೆ ಇದೇ ಉಪಾಯವು ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರನ ಕೈಯಲ್ಲಿ ಬೇರೆ ರೂಪ ತಾಳಿತು. ೧೭೯೮ರಲ್ಲಿ ಬರೋ ರಸ್ತೆಯಲ್ಲಿ ಶಾಲೆ ತೆರೆದ ಈತನು ನೂರಾರು ಮಕ್ಕಳನ್ನು ಒಂದೇ ದೊಡ್ಡ ಕೋಣೆಯಲ್ಲಿ ಕೂರಿಸಿ, ಒಬ್ಬ ಉಪಾಧ್ಯಾಯನ ಕೆಳಗೆ ಮಾನಿಟರರ ಸಾಲನ್ನೇ ಏರ್ಪಡಿಸಿ, ಸೇನೆಯ ಕವಾಯತಿನಂತೆ ಪಾಠ ನಡೆಸಿದನು. ಬೆತ್ತದ ಪೆಟ್ಟನ್ನು ಬಿಡಿಸಿದನು, ಅದು ಒಳ್ಳೆಯದಾಯಿತು. ಅದಕ್ಕೆ ಬದಲಾಗಿ ತಪ್ಪು ಮಾಡಿದವನ ಕೊರಳಿಗೆ ಮರದ ತುಂಡನ್ನು ಕಟ್ಟುವುದು, ಬುಟ್ಟಿಯಲ್ಲಿ ಕೂರಿಸಿ ಎಲ್ಲರೂ ನೋಡುವಂತೆ ಮಾಡಿಗೆ ಎಳೆದು ತೂಗುಹಾಕುವುದು ಮೊದಲಾದ ಅವಮಾನಗಳನ್ನು ತಂದನು. ಖರ್ಚು ಕಡಿಮೆಯಾಯಿತು, ಓದು ಬರಹ ಬಹು ಮಂದಿಗೆ ಮುಟ್ಟಿತು, ಕಲಿತದ್ದು ಗಿಳಿಪಾಠವಾಯಿತು. ೧೮೪೬ರಲ್ಲಿ ಇಂಗ್ಲೆಂಡಿನ ಸರಕಾರವು ಹಣ ಕೊಟ್ಟು ತರಬೇತು ಮಾಡುವ ವಿದ್ಯಾರ್ಥಿ-ಉಪಾಧ್ಯಾಯರ ಏರ್ಪಾಡನ್ನು ತಂದ ಮೇಲೆ ಈ ಪದ್ಧತಿಯು ಹಿಂದೆ ಸರಿಯಿತು. ಮದ್ರಾಸಿನ ಹುಡುಗನು ಚಿಕ್ಕವರೊಡನೆ ಮರಳಿನ ಮುಂದೆ ತಾನೂ ಕುಳಿತಿದ್ದನು. ಲಂಡನ್ನಿನ ಮಾನಿಟರನು ಮೇಲಿನವರ ಮಾತನ್ನು ಕೆಳಕ್ಕೆ ಸಾಗಿಸುವ ಕೊಳವೆಯಾಗಿದ್ದನು. ನಮ್ಮ ಎಣಿಕೆಯಲ್ಲಿ ವ್ಯತ್ಯಾಸವೆಲ್ಲಾ ಇಲ್ಲಿದೆ.

ಹೀಗೆ ಕಂಡದ್ದನ್ನು ಹೇಳುವುದು ಬೇರೆ, ಪರೀಕ್ಷಿಸಿ ನೋಡುವುದು ಬೇರೆ. ಪರೀಕ್ಷಿಸಿದವರಲ್ಲಿ ಮುಖ್ಯನು ಕುರ್ಟ್ ಲೆವಿನ್. ಈತನು ಯೆಹೂದ್ಯನು, ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಜರ್ಮನಿಯನ್ನು ಬಿಟ್ಟು ಅಮೇರಿಕಕ್ಕೆ ಬಂದವನು. ಒಬ್ಬನ ಆಜ್ಞೆಗೆ ಒಂದು ದೇಶವೆಲ್ಲಾ ತಲೆಬಾಗುವುದನ್ನು ಕಣ್ಣಾರೆ ಕಂಡವನಿಗೆ ಆಜ್ಞೆಯ ಗುಣವನ್ನೇ ಶೋಧಿಸಬೇಕೆಂದು ತೋರಿದ್ದು ಸಹಜ. ಅಯೋವಾ ವಿಶ್ವವಿದ್ಯಾನಿಲಯದಲ್ಲಿ ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬಿಬ್ಬರೊಡನೆ ಆತನು ಮಕ್ಕಳ ಕೂಟಗಳನ್ನು ಕಟ್ಟಿ ನೋಡಿದ ಫಲವು ೧೯೩೯ರಲ್ಲಿ ಪ್ರಕಟವಾಯಿತು.

ಪ್ರಯೋಗವು ಸರಳವಾದುದು. ಹತ್ತು ಹನ್ನೊಂದು ವರ್ಷದ ೨೦ ಹುಡುಗರನ್ನು ಐದೈದು ಮಂದಿಯ ನಾಲ್ಕು ಕೂಟಗಳಾಗಿ ಮಾಡಿದರು. ಶಾಲೆ ಬಿಟ್ಟ ಮೇಲೆ ಅವರು ಸೇರಿ ಮುಖವಾಡ ಮಾಡುವುದು, ಸಾಬೂನಿನಲ್ಲಿ ಬೊಂಬೆ ಕೆತ್ತುವುದು, ವಿಮಾನದ ಮಾದರಿ ಕಟ್ಟುವುದು ಮುಂತಾದ ಕೈಕೆಲಸ ಮಾಡಬೇಕು. ಪ್ರತಿ ಕೂಟಕ್ಕೂ ವಯಸ್ಕನಾದ ಒಬ್ಬ ನಾಯಕ. ಆರು ವಾರಕ್ಕೊಮ್ಮೆ ನಾಯಕನೂ ಬದಲಾಗುವನು, ನಡೆಸುವ ರೀತಿಯೂ ಬದಲಾಗುವುದು. ಗೋಣಿತಟ್ಟಿನ ಮರೆಯಲ್ಲಿ ಕುಳಿತವರು ಮಕ್ಕಳ ಮಾತು, ಜಗಳ, ನಗೆ, ಕೆಲಸಗಳನ್ನೆಲ್ಲಾ ಕ್ಷಣಕ್ಷಣಕ್ಕೂ ಬರೆದುಕೊಳ್ಳುವರು.

ಒಂದನೆಯ ರೀತಿಯ ನಾಯಕನು ಎಲ್ಲವನ್ನೂ ತಾನೇ ಗೊತ್ತುಮಾಡುವನು. ಮುಂದಿನ ಹೆಜ್ಜೆ ಯಾವುದೆಂದು ಹಿಂದಿನದು ಮುಗಿಯುವ ತನಕ ತಿಳಿಸನು. ಯಾರು ಯಾರ ಜತೆ ದುಡಿಯಬೇಕೆಂಬುದನ್ನೂ ತಾನೇ ಹೇಳುವನು. ಹೊಗಳುವುದೂ ತೆಗಳುವುದೂ ಕೆಲಸವನ್ನಲ್ಲ, ಹುಡುಗನನ್ನು. ತಾನು ಮಾತ್ರ ಕೆಲಸಕ್ಕೆ ಕೈ ಸೋಕಿಸನು. ಎರಡನೆಯ ರೀತಿಯವನು ಮೊದಲ ದಿನವೇ ಕೆಲಸದ ಪೂರ್ತಿ ರೂಪವನ್ನು ತಿಳಿಸುವನು. ನಿರ್ಣಯವನ್ನು ಕೂಟಕ್ಕೆ ಬಿಡುವನು. ಸಲಹೆ ಕೇಳಿದರೆ ಎರಡು ಮೂರು ದಾರಿಗಳನ್ನು ತೋರಿಸಿ ಆರಿಸಿಕೊಳ್ಳಿರೆನ್ನುವನು. ಮೂರನೆಯವನು ಸಾಮಾನುಗಳನ್ನು ಮುಂದಿಟ್ಟು, ಕೇಳಿದ್ದಕ್ಕೆ ಉತ್ತರ ಕೊಟ್ಟು, ಉಳಿದಂತೆ ಸುಮ್ಮನಿರುವನು. ಈ ಮೂರನೆಯ ರೀತಿಯು ಮೊದಲು ಯೋಚಿಸಿದ್ದಲ್ಲವೆಂದು ಹೇಳುವರು. ಹೊಸಬನಾದ ವೈಟನು ಎರಡನೆಯ ರೀತಿಯಂತೆ ನಡೆಸುತ್ತೇನೆಂದು ಹೊರಟು, ಏನನ್ನೂ ನಡೆಸದೆ ಕೂತಿದ್ದುದನ್ನು ಕಂಡ ಲೆವಿನನು ಅದನ್ನು ಬಯ್ಯದೆ ಮೂರನೆಯ ವರ್ಗವನ್ನಾಗಿ ಮಾಡಿಕೊಂಡನಂತೆ! ಸ್ವಾತಂತ್ರ್ಯ ಕೊಡುವುದಕ್ಕೂ ಕೈಬಿಡುವುದಕ್ಕೂ ಇರುವ ಅಂತರವು ಈ ಆಕಸ್ಮಿಕದಿಂದಲೇ ಶಾಸ್ತ್ರಕ್ಕೆ ಸೇರಿತು.

ಫಲವೇನು? ಮೂರನೆಯವನ ಕೂಟದಲ್ಲಿ ಕೆಲಸವೂ ಸಾಗಲಿಲ್ಲ, ಮಕ್ಕಳಿಗೆ ಸಂತೋಷವೂ ಆಗಲಿಲ್ಲ. ಮೊದಲನೆಯವನ ಕೂಟದಲ್ಲಿ ಆದ ಕೆಲಸದ ಮೊತ್ತವು ಉಳಿದೆರಡಕ್ಕಿಂತ ಸ್ವಲ್ಪ ಹೆಚ್ಚೇ ಆಗಿದ್ದಿತು. ಇದನ್ನು ನಾವು ಮುಚ್ಚಿಡಬಾರದು. ಆಜ್ಞೆಯಿಂದ ಕೆಲಸವಾಗುವುದಿಲ್ಲವೆಂದು ಹೇಳುವವರು ಅರ್ಧ ಸತ್ಯವನ್ನು ಹೇಳುವರು. ಆದರೆ ನಾಯಕನು ಗೊತ್ತಿದ್ದೇ ಕೋಣೆಯಿಂದ ಹೊರಕ್ಕೆ ಹೋಗಿ ಕೆಲವು ನಿಮಿಷ ತಡೆದು ಬರುವ ಪರೀಕ್ಷೆಯನ್ನೂ ಇಟ್ಟಿದ್ದರು. ಆಜ್ಞೆಯ ಕೂಟದಲ್ಲಿ ಆತನ ಬೆನ್ನು ಮರೆಯಾದೊಡನೆ ಕೆಲಸವು ಕುಸಿಯಿತು. ಕಲೆತು ನಿರ್ಣಯಿಸಿದ ಕೂಟದಲ್ಲಿ ಆತನು ಇದ್ದಾಗಲೂ ಇಲ್ಲದಾಗಲೂ ಕೆಲಸವು ಬಹುಮಟ್ಟಿಗೆ ಒಂದೇ ಸಮನಾಗಿ ನಡೆಯಿತು. ತಾಯಿಯು ಸಂತೆಗೆ ಹೋದಾಗ ಮನೆಯಲ್ಲಿ ಮಕ್ಕಳು ಏನು ಮಾಡುತ್ತಿರುವರೆಂಬುದನ್ನು ನೋಡಿದರೆ ಆ ಮನೆಯ ಶಿಕ್ಷಣದ ಬಗೆಯು ತಿಳಿಯುವುದೆಂದು ಪೋಷಕರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ನ್ಯಾಯದ ವಿಷಯದಲ್ಲಿ ಕಂಡದ್ದು ಇದಕ್ಕಿಂತಲೂ ಗಂಭೀರವಾದುದು. ಇದಕ್ಕೆ ಹಿಂದೆ ಲಿಪ್ಪಿಟ್ಟನು ಎರಡೇ ಕೂಟಗಳಿಂದ ಮಾಡಿದ ಮೊದಲ ಪ್ರಯೋಗದಲ್ಲಿ, ಆಜ್ಞೆಯ ಕೂಟದ ಮಕ್ಕಳ ನಡುವೆ ಹಗೆತನದ ಮಾತು ನಡತೆಗಳು ಮತ್ತೊಂದು ಕೂಟಕ್ಕಿಂತ ಸುಮಾರು ೩೦ ಪಾಲು ಹೆಚ್ಚಾಗಿದ್ದವು. ಆ ಹಗೆಯು ನಾಯಕನ ಮೇಲೆ ಹರಿಯಲಿಲ್ಲ. ಆತನೆದುರು ಎಲ್ಲರೂ ವಿನಯದಿಂದಲೇ ಇದ್ದರು. ನಾಲ್ವರು ಸೇರಿ ಐದನೆಯ ಮಗುವಿನ ಮೇಲೆ ಬಿದ್ದರು. ಕಾಟವನ್ನು ತಾಳಲಾರದೆ ಆ ಮಗುವು ಕೂಟಕ್ಕೆ ಬರುವುದನ್ನೇ ಬಿಟ್ಟಿತು. ಹೀಗೆ ಒಂದು ಸಲವಲ್ಲ, ಎರಡು ಸಲ. ನಮ್ಮಲ್ಲಿ ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿದರೆಂಬ ಮಾತುಂಟಷ್ಟೆ. ಮೇಲಿನವರು ಯಾರಿಗೂ ಹೆಚ್ಚು ಕಡಿಮೆ ಮಾಡದಿದ್ದರೂ, ಮೇಲಕ್ಕೆ ಮಾತನಾಡಲು ದಾರಿಯಿಲ್ಲದ ಕಡೆ ಅನ್ಯಾಯವು ಹೀಗೆ ಅಡ್ಡಕ್ಕೆ ಹರಿಯುತ್ತದೆ. ಇದನ್ನು ಹಾಸ್ಟೆಲಿನ ಮೇಲ್ವಿಚಾರಣೆ ಮಾಡಿದ ಯಾವ ಸೋದರಿಯೂ ಕೂಡಲೇ ಒಪ್ಪುವಳು.

ಕೊನೆಯಲ್ಲಿ ಹುಡುಗರನ್ನೇ ಕೇಳಲಾಗಿ, ೨೦ ಮಂದಿಯಲ್ಲಿ ೧೯ ಮಂದಿ ಆಜ್ಞೆಯ ನಾಯಕನಿಗಿಂತ ಕಲೆತು ನಡೆಸಿದ ನಾಯಕನೇ ಮೇಲೆಂದರು. ಒಪ್ಪದ ಒಬ್ಬನು ಸೈನ್ಯಾಧಿಕಾರಿಯೊಬ್ಬನ ಮಗನು! ಸುಮ್ಮನಿದ್ದ ನಾಯಕನನ್ನು ಸಹ ೧೦ ಮಂದಿಯಲ್ಲಿ ೭ ಮಂದಿ ಆಜ್ಞೆಯವನಿಗಿಂತ ಮೆಚ್ಚಿದರು. ೨೦ ಮಂದಿ ಅಮೇರಿಕದ ಹುಡುಗರಿಂದ ಜಗತ್ತಿನ ಎಲ್ಲಾ ಕೆಲಸಗಾರರ ವಿಷಯವನ್ನು ನಿರ್ಧರಿಸಲಾಗದೆಂಬುದನ್ನು ನಾವು ಬಲ್ಲೆವು. ಮೆಚ್ಚಿಗೆಯೇ ಯೋಗ್ಯತೆಯೂ ಅಲ್ಲ. ಆದರೂ ಬಾಗಿಲಿನಾಚೆಗೆ ಹೋದ ನಾಯಕನ ಆ ಪರೀಕ್ಷೆಯು ಮನಸ್ಸಿನಲ್ಲಿ ನಿಲ್ಲತಕ್ಕದ್ದು.

ಇನ್ನು ಮಕ್ಕಳ ಕೂಟವನ್ನು ಬಿಟ್ಟು ಪ್ರಾಣದ ಪಣವಿರುವ ಕೆಲಸಗಳಿಗೆ ಬರೋಣ. ಹಿಮಾಲಯವನ್ನು ಹತ್ತಲು ೫೬ ದೇಶಗಳಿಂದ ಬಂದ ೩೦,೦೦೦ಕ್ಕೂ ಮಿಕ್ಕ ಆರೋಹಿಗಳ, ೫,೦೦೦ಕ್ಕೂ ಮಿಕ್ಕ ತಂಡಗಳ ದಾಖಲೆಯನ್ನು ಪರಿಶೀಲಿಸಿದ ಒಂದು ಅಧ್ಯಯನವು ೨೦೧೫ರಲ್ಲಿ ಪ್ರಕಟವಾಯಿತು. ಮೇಲು ಕೀಳಿನ ಮೆಟ್ಟಲುಗಳನ್ನು ಹೆಚ್ಚಾಗಿ ಮನ್ನಿಸುವ ದೇಶಗಳ ತಂಡಗಳಲ್ಲಿ ಶಿಖರವನ್ನು ಮುಟ್ಟಿದವರೂ ಹೆಚ್ಚು, ದಾರಿಯಲ್ಲಿ ಸತ್ತವರೂ ಹೆಚ್ಚು. ಒಂಟಿಯಾಗಿ ಹತ್ತಿದವರಲ್ಲಿ ಈ ಭೇದವು ಕಾಣಲಿಲ್ಲವಾದುದರಿಂದ ಇದು ತಂಡದೊಳಗಿನ ವ್ಯವಹಾರದ ಫಲವೆಂದು ಶೋಧಕರು ತಿಳಿದರು. ಒಬ್ಬನ ಮಾತಿಗೆ ಎಲ್ಲರೂ ಹೆಜ್ಜೆಯಿಟ್ಟರೆ ವೇಗವು ಬರುತ್ತದೆ. ಆದರೆ ಹಿಮವು ಬಿರಿಯುತ್ತಿರುವುದನ್ನು ಕಡೆಯವನು ಕಂಡು ಕೂಗದೆ ಇದ್ದರೆ?

ಕಡೆಯವನು ಕೂಗಿದರೂ ಸಾಲದೆಂಬುದಕ್ಕೆ ೧೯೭೭ರ ಮಾರ್ಚ್ ೨೭ರ ದುರಂತವೇ ಸಾಕ್ಷಿ. ಸ್ಪೇನಿಗೆ ಸೇರಿದ ಟೆನರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಆ ದಿನ ದಟ್ಟವಾದ ಮಂಜು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದ ಕಾರಣ ಅನೇಕ ವಿಮಾನಗಳು ಇಲ್ಲಿಗೆ ತಿರುಗಿ ಬಂದು ಇಕ್ಕಟ್ಟಾಗಿ ನಿಂತಿದ್ದವು. ಡಚ್ಚರ ಒಂದು ದೊಡ್ಡ ವಿಮಾನವು ಏರುದಾರಿಯ ತುದಿಯಲ್ಲಿ ಸಿದ್ಧವಾಗಿದ್ದಿತು. ಅಮೇರಿಕದ ಅಂತಹದೇ ಮತ್ತೊಂದು ವಿಮಾನವು ಅದೇ ದಾರಿಯ ಮೇಲೆ ಮಂಜಿನಲ್ಲಿ ಎದುರಿಗೆ ಬರುತ್ತಿದ್ದಿತು. ಡಚ್ ಕಪ್ತಾನನು ಆ ಕಂಪೆನಿಯಲ್ಲಿ ವಿಮಾನಿಗಳ ತರಬೇತಿಗೇ ಮುಖ್ಯಸ್ಥನು. ಪಕ್ಕದಲ್ಲಿ ಕುಳಿತ ಕಿರಿಯ ವಿಮಾನಿಯ ಅರ್ಹತೆಯನ್ನು ಪರೀಕ್ಷಿಸಿದವನೂ ಆತನೇ. ಕಪ್ತಾನನು ಯಂತ್ರದ ಬಲವನ್ನು ಏರಿಸತೊಡಗಿದಾಗ, ಇನ್ನೂ ಅಪ್ಪಣೆ ಬಂದಿಲ್ಲವೆಂದು ಕಿರಿಯನು ಒಮ್ಮೆ ತಡೆದನು. ಎರಡನೆಯ ಸಲ ಹೊರಟಾಗ ಆತನು ತಡೆಯಲಿಲ್ಲ. ಹಿಂದೆ ಕುಳಿತಿದ್ದ ಎಂಜಿನಿಯರನು, ಆ ಅಮೇರಿಕದ ವಿಮಾನವು ದಾರಿಯಿಂದ ಸರಿದಿಲ್ಲವಲ್ಲವೇ ಎಂದು ಕೇಳಿದನು. ಸರಿದಿದೆಯೆಂದು ಕಪ್ತಾನನು ಒತ್ತಿ ಹೇಳಿದನು. ಪ್ರಶ್ನೆಯು ಅಲ್ಲಿಗೆ ನಿಂತಿತು. ಕೆಲವೇ ಸೆಕೆಂಡುಗಳಲ್ಲಿ ೫೮೩ ಮಂದಿ ಮಡಿದರು.

ಮಂಜು, ರೇಡಿಯೋ ಮಾತುಗಳು ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾದುದು, ತಡವಾಗುತ್ತಿದ್ದ ಆತುರ ಹೀಗೆ ಕಾರಣಗಳು ಹಲವು. ಒಬ್ಬನ ತಲೆಗೇ ಎಲ್ಲವನ್ನೂ ಕಟ್ಟುವುದು ಸರಿಯಲ್ಲ. ಆದರೆ ಸರಿಯಾದ ಸಂಶಯವು ಆ ಕೋಣೆಯಲ್ಲೇ ಒಬ್ಬನ ಬಾಯಿಂದ ಬಂದು, ಹಿರಿಯನ ಒಂದು ಮಾತಿಗೆ ಆರಿಹೋಯಿತೆಂಬುದು ಮರೆಯಲಾಗದ ಸಂಗತಿ. ಮರು ವರ್ಷ ಡಿಸೆಂಬರಿನಲ್ಲಿ ಅಮೇರಿಕದ ಪೋರ್ಟ್‌ಲ್ಯಾಂಡಿನ ಬಳಿ ಮತ್ತೊಂದು ವಿಮಾನವು ಇಂಧನ ಬರಿದಾಗಿ ಬಿದ್ದಿತು. ೧೦ ಮಂದಿ ಸತ್ತರು. ಕಪ್ತಾನನು ಚಕ್ರದ ದೋಷದ ಯೋಚನೆಯಲ್ಲೇ ಮುಳುಗಿದ್ದನು. ಇಂಧನದ ವಿಷಯವನ್ನು ಜತೆಯವರು ಸೂಚನೆಯಾಗಿ ಹೇಳಿದರೇ ಹೊರತು ಗಟ್ಟಿಯಾಗಿ ಹೇಳಲಿಲ್ಲ. ದೊಡ್ಡವರೆದುರು ಮಾತನ್ನು ಮೆತ್ತಗೆ ಮಾಡಿ ಸುತ್ತಿ ಬಳಸಿ ಹೇಳುವುದು ನಮ್ಮ ದೇಶದವರಿಗೆ ಮಾತ್ರ ಬಂದ ವಿದ್ಯೆಯೆಂದು ಎಣಿಸಿದ್ದವರು ಇದನ್ನು ಗಮನಿಸಬೇಕು.

೧೯೭೯ರಿಂದ ಮುಂದಕ್ಕೆ ವಿಮಾನಿಗಳಿಗೆ ಹೊಸದೊಂದು ಶಿಕ್ಷಣವು ಆರಂಭವಾಯಿತು. ಕಿರಿಯರಿಗೆ, ಸಂಶಯವನ್ನು ಬಿಚ್ಚಿ ಹೇಳುವುದು ಕರ್ತವ್ಯವೆಂದೂ, ಹಿರಿಯರಿಗೆ, ಕೇಳಿಸಿಕೊಳ್ಳುವುದು ಅಧಿಕಾರಕ್ಕೆ ಕುಂದಲ್ಲವೆಂದೂ ಕಲಿಸಿದರು. ಕಪ್ತಾನನ ಪದವಿಯನ್ನು ಯಾರೂ ತೆಗೆದುಹಾಕಲಿಲ್ಲ. ಕೊನೆಯ ಮಾತು ಈಗಲೂ ಆತನದೇ. ೧೯೮೯ರ ಜುಲೈ ೧೯ರಂದು ೨೯೬ ಮಂದಿಯನ್ನು ಹೊತ್ತ ವಿಮಾನವೊಂದರ ಹಿಂಬದಿಯ ಎಂಜಿನು ಸಿಡಿದು, ತಿರುಗಿಸುವ ಸಾಧನಗಳೆಲ್ಲಾ ಕೆಟ್ಟುಹೋದವು. ಕಪ್ತಾನ ಆಲ್ ಹೇಯ್ನ್ಸನು ಮೂವತ್ತು ವರ್ಷಕ್ಕೂ ಮಿಕ್ಕ ಅನುಭವಸ್ಥನು. ಪ್ರಯಾಣಿಕರ ನಡುವೆ ಕುಳಿತಿದ್ದ ಡೆನಿಸ್ ಫಿಚ್ ಎಂಬ ತರಬೇತಿಯ ವಿಮಾನಿಯು ಸಹಾಯಕ್ಕೆ ಬಂದಾಗ ಆತನನ್ನು ಒಳಕ್ಕೆ ಕರೆದು, ಉಳಿದೆರಡು ಎಂಜಿನುಗಳ ಹಿಡಿಕೆಯನ್ನು ಆತನ ಕೈಗೆ ಒಪ್ಪಿಸಿದನು. ನಾಲ್ವರೂ ಕೂಡಿ ಹೇಗೋ ವಿಮಾನವನ್ನು ಸೂ ಸಿಟಿಯ ನೆಲಕ್ಕೆ ಮುಟ್ಟಿಸಿದರು. ೧೮೪ ಮಂದಿ ಬದುಕಿದರು. ಆ ಕೋಣೆಯಲ್ಲಿ ಒಟ್ಟು ೧೦೩ ವರ್ಷಗಳ ಅನುಭವವಿದ್ದಿತು, ತನ್ನೊಬ್ಬನದನ್ನೇ ನಂಬಬೇಕಾದ ಕಾರಣವೇನು ಎಂಬರ್ಥದಲ್ಲಿ ಕಪ್ತಾನನು ಮುಂದೆ ಹೇಳಿದನು.

ನಮ್ಮ ಶಾಲೆಗಳಿಂದ ದಾದಿಯರಾಗಿ ಹೋದವರು ಬಹುಮಂದಿ. ಅವರಿಗೆ ಎಮಿ ಎಡ್ಮಂಡ್‌ಸನ್ ಎಂಬ ವಿದುಷಿಯು ೧೯೯೬ರಲ್ಲಿ ಪ್ರಕಟಿಸಿದ ಶೋಧವು ರುಚಿಸಬಹುದು. ಎಂಟು ಆಸ್ಪತ್ರೆ ವಾರ್ಡುಗಳಲ್ಲಿ ಔಷಧ ಕೊಡುವಾಗ ಆದ ತಪ್ಪುಗಳನ್ನು ಎಣಿಸಿದಾಗ, ಒಳ್ಳೆಯ ಮುಖ್ಯ ದಾದಿಯೂ ಒಳ್ಳೆಯ ಸಹಕಾರವೂ ಇದ್ದ ವಾರ್ಡುಗಳಲ್ಲಿಯೇ ತಪ್ಪುಗಳು ಹೆಚ್ಚಾಗಿ ಲೆಕ್ಕಕ್ಕೆ ಬಂದವು. ಇದೇನು ವಿಪರೀತ! ಈ ಲೆಕ್ಕವನ್ನು ತಿಳಿಯದ ಮತ್ತೊಬ್ಬನನ್ನು ವಾರ್ಡುಗಳಿಗೆ ಕಳುಹಿ ನೋಡಲಾಗಿ ವಿಷಯವು ತಿಳಿಯಿತು. ಒಳ್ಳೆಯ ವಾರ್ಡುಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯವಿರಲಿಲ್ಲ. ಉಳಿದ ಕಡೆ ಹೇಳಿದರೆ ಬೈಗುಳ ಕಾದಿದ್ದಿತು, ಆದುದರಿಂದ ತಪ್ಪು ಸೆರಗಿನ ಮರೆಗೆ ಹೋಗುತ್ತಿತ್ತು. ಪುಸ್ತಕದಲ್ಲಿ ಒಂದು ತಪ್ಪೂ ಇಲ್ಲವೆಂದು ಮೇಲಧಿಕಾರಿಯು ಹೆಮ್ಮೆಪಡುವ ಮೊದಲು ಇದನ್ನು ನೆನೆಯುವುದು ಒಳಿತು.

ಈಗ ಎರಡನೆಯ ಪ್ರಶ್ನೆಯನ್ನು, ಎಂದರೆ ಪಾಲಿನ ಮತ್ತು ಮರ್ಯಾದೆಯ ನ್ಯಾಯವನ್ನು, ಇನ್ನೂ ಹತ್ತಿರದಿಂದ ನೋಡಲು ದಕ್ಷಿಣ ಧ್ರುವದ ಕಡೆಗೆ ಹೊರಟ ಒಂದು ಹಡಗಿನ ಕಥೆಯನ್ನು ಹೇಳುತ್ತೇವೆ. ಸರ್ ಅರ್ನೆಸ್ಟ್ ಶ್ಯಾಕಲ್ಟನ್ನನ ಹೆಸರನ್ನು ಬಲ್ಲವರು ಆತನನ್ನು ಆದರ್ಶ ನಾಯಕನೆಂದು ಹೊಗಳುವುದು ವಾಡಿಕೆ. ಹೊಗಳಿಕೆಗೆ ಆಧಾರವಿದೆ. ಕಥೆಯ ಕೊನೆಯನ್ನು ಮಾತ್ರ ಬಹುಮಂದಿ ಹೇಳುವುದಿಲ್ಲ.

ಆತನ ‘ಎಂಡ್ಯೂರೆನ್ಸ್’ ಹಡಗು ೨೮ ಮಂದಿಯೊಡನೆ ೧೯೧೫ರ ಜನವರಿಯಲ್ಲಿ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು; ಅಕ್ಟೋಬರಿನಲ್ಲಿ ಅದನ್ನು ಬಿಟ್ಟು ಇಳಿಯಬೇಕಾಯಿತು; ನವೆಂಬರಿನಲ್ಲಿ ಅದು ಮುಳುಗಿತು. (೨೦೨೨ರ ಮಾರ್ಚಿನಲ್ಲಿ ಅದರ ಒಡಲನ್ನು ಸುಮಾರು ೩,೦೦೦ ಮೀಟರ್ ಆಳದಲ್ಲಿ ಕಂಡುಹಿಡಿದಿರುವರು.) ಹಡಗಿನಲ್ಲಿ ಅಧಿಕಾರಿಗಳು, ವಿಜ್ಞಾನಿಗಳು, ವೈದ್ಯರು ಒಂದು ಕಡೆ, ಖಲಾಸಿಗಳು, ಬೆಂಕಿಗೂಡಿನವರು ಮತ್ತೊಂದು ಕಡೆ. ಆ ಕಾಲದ ಇಂಗ್ಲಿಷರಲ್ಲಿ ಈ ಎರಡು ವರ್ಗಗಳ ನಡುವೆ ಗೋಡೆಯೇ ಇದ್ದಿತು. ಶ್ಯಾಕಲ್ಟನ್ನನು ವಿದ್ವಾಂಸರ ಕೈಗೂ ನೆಲ ತೊಳೆಯುವ ಬಟ್ಟೆ ಕೊಟ್ಟನು. ಗೊಣಗಿದವರೂ ಉಂಟು, ಆದರೆ ತೊಳೆದರು.

ಊಟದ ವಿಷಯದಲ್ಲಿ ಆತನದು ಹಳೆಯದೊಂದು ಉಪಾಯ. ೧೯೦೨-೦೩ರಲ್ಲಿ ಸ್ಕಾಟ್, ವಿಲ್ಸನ್ನರೊಡನೆ ಮೂವರೇ ಹಿಮದ ಮೇಲೆ ಹಸಿದು ನಡೆಯುತ್ತಿದ್ದಾಗ ಇದನ್ನು ಶ್ಯಾಕಲ್ಟನ್ನನು ಕಲ್ಪಿಸಿದನೆಂದು ಸ್ಕಾಟನೇ ಬರೆದಿರುವನು. ಅಡಿಗೆಯವನು ಸಮನಾಗಿ ಪಾಲು ಮಾಡಿಡುವನು. ಒಬ್ಬನು ಮುಖ ತಿರುಗಿಸಿಕೊಳ್ಳುವನು. ಮತ್ತೊಬ್ಬನು ಒಂದು ಪಾಲನ್ನು ಬೆರಳಿಂದ ತೋರಿಸಿ ‘ಇದು ಯಾರದು?’ ಎನ್ನುವನು, ಮುಖ ತಿರುಗಿಸಿದವನು ಒಂದು ಹೆಸರು ಹೇಳುವನು. ಆ ಪಾಲು ಆ ಹೆಸರಿನವನದು. ‘ಬಡಿಸುವವರು ನಮ್ಮವರಾದರೆ ಕಡೆಯ ಪಂಕ್ತಿಯಲ್ಲಿ ಕೂತರೇನು?’ ಎಂಬ ನಮ್ಮ ಗಾದೆಯನ್ನು ಇಷ್ಟು ಸುಲಭವಾಗಿ ಸುಳ್ಳಾಗಿಸಿದ ಉಪಾಯವನ್ನು ನಾವು ಬೇರೆಲ್ಲೂ ಕಂಡಿಲ್ಲ. ಪಂಕ್ತಿಭೇದವನ್ನು ಕಂಡು ನೊಂದವರೆಲ್ಲರಿಗೂ ಇದರ ಸೊಗಸು ತಿಳಿಯುವುದು. ಇಲ್ಲಿ ನಾಯಕನ ಒಳ್ಳೆಯತನವನ್ನು ನಂಬಬೇಕಾಗಿಲ್ಲ. ನಾಯಕನಿಗೂ ತನ್ನ ಪಾಲು ಯಾವುದೆಂದು ಮೊದಲೇ ತಿಳಿಯದು.

ಹಡಗನ್ನು ಬಿಟ್ಟು ಹಿಮದ ಮೇಲೆ ಇಳಿದಾಗ ತುಪ್ಪುಳು ಚರ್ಮದ ಬೆಚ್ಚನೆಯ ನಿದ್ದೆಚೀಲಗಳು ೧೮ ಮಾತ್ರವೇ ಇದ್ದವು; ಉಳಿದ ೧೦ ಮಂದಿಗೆ ಉಣ್ಣೆಯವು. ಚೀಟಿ ಎತ್ತಿದರು. ಶ್ಯಾಕಲ್ಟನ್ನನಿಗೂ, ಹಡಗಿನ ಕಪ್ತಾನ ವರ್ಸ್ಲಿಗೂ, ಎರಡನೆಯ ನಾಯಕ ವೈಲ್ಡನಿಗೂ, ಇನ್ನು ಕೆಲವು ಅಧಿಕಾರಿಗಳಿಗೂ ಉಣ್ಣೆಯ ಚೀಲಗಳೇ ಬಂದವು. ಚರ್ಮದವು ಖಲಾಸಿಗಳಿಗೆ ಹೋದವು. ಈ ಚೀಟಿಯಲ್ಲಿ ಏನೋ ಮೋಸವಿದೆಯೆಂದು ಬೇಕ್‌ವೆಲ್ ಎಂಬ ನಾವಿಕನು ಬರೆದಿಟ್ಟಿರುವನು. ಇಂತಹ ಮೋಸವನ್ನು ದೂರುವ ಮನಸ್ಸು ಯಾರಿಗೆ ಬಂದೀತು! ಆದರೂ ನಾವು ಒಂದು ಮಾತು ಹೇಳಬೇಕು. ಊಟದ ಉಪಾಯದಲ್ಲಿ ಎಲ್ಲರೂ ಕಣ್ಣಾರೆ ನೋಡಬಹುದಾದ ನ್ಯಾಯವಿದ್ದಿತು. ಚೀಲದ ಚೀಟಿಯಲ್ಲಿ ಇದ್ದುದು ದಯೆ. ದಯೆಯು ನಾಯಕನ ಮನಸ್ಸನ್ನು ಅವಲಂಬಿಸಿರುತ್ತದೆ, ಮನಸ್ಸು ಎಲ್ಲರ ಮೇಲೂ ಒಂದೇ ರೀತಿ ಇರುವುದಿಲ್ಲ.

ಹಡಗಿನ ಬಡಗಿ ಹ್ಯಾರಿ ಮ್ಯಾಕ್ನಿಶ್. ಸ್ಕಾಟ್ಲೆಂಡಿನವನು, ವಯಸ್ಸಿನಲ್ಲಿ ಹಿರಿಯ, ಕೈಕೆಲಸದಲ್ಲಿ ಅಸಾಧ್ಯ ಗಟ್ಟಿಗ, ಮಾತಿನಲ್ಲಿ ಒರಟ. ಆತನಿಗೊಂದು ಬೆಕ್ಕು, ಬಡಗಿಯ ಹಿಂದೆ ಹಿಂದೆ ತಿರುಗುತ್ತಿದ್ದುದರಿಂದ ಅದಕ್ಕೆ ‘ಮಿಸೆಸ್ ಚಿಪ್ಪಿ’ ಎಂದು ಹೆಸರಿಟ್ಟಿದ್ದರು, ಗಂಡು ಬೆಕ್ಕಾದರೂ! ಹಿಮದ ಮೇಲೆ ಸಾಕಲಾಗದೆಂದು ಆ ಬೆಕ್ಕನ್ನೂ ಕೆಲವು ನಾಯಿಮರಿಗಳನ್ನೂ ಶ್ಯಾಕಲ್ಟನ್ನನ ಅಪ್ಪಣೆಯಂತೆ ಗುಂಡು ಹೊಡೆದು ಕೊಂದರು. ೧೯೧೫ರ ಡಿಸೆಂಬರ್ ಕೊನೆಯಲ್ಲಿ ದೋಣಿಗಳನ್ನು ಹಿಮದ ಮೇಲೆ ಎಳೆದುಕೊಂಡು ಹೋಗುತ್ತಿದ್ದಾಗ, ಇದರಿಂದ ದೋಣಿಗಳು ಹಾಳಾಗುವವೆಂದೂ, ಹಡಗು ಮುಳುಗಿದ ಮೇಲೆ ಕೂಲಿಯ ಕರಾರೂ ಮುಗಿಯಿತೆಂದೂ ಬಡಗಿಯು ಹೆಜ್ಜೆ ಮುಂದಿಡದೆ ನಿಂತನು. ಶ್ಯಾಕಲ್ಟನ್ನನು ಎಲ್ಲರನ್ನೂ ಸೇರಿಸಿ ಕರಾರನ್ನು ಓದಿದನು: ಹಡಗಿನಲ್ಲಾಗಲಿ, ದೋಣಿಯಲ್ಲಾಗಲಿ, ದಡದಲ್ಲಾಗಲಿ ಹೇಳಿದ ಕೆಲಸ ಮಾಡಬೇಕು. ಬಡಗಿಯು ಮಣಿದನು. ಎರಡು ಮೂರು ದಿನಗಳಲ್ಲಿ ಹಿಮವೇ ಅಡ್ಡವಾಗಿ ಆ ನಡಿಗೆಯನ್ನು ಬಿಟ್ಟುಬಿಡಬೇಕಾಯಿತು. ಆ ಪರಿಸ್ಥಿತಿಯಲ್ಲಿ ಒಬ್ಬನು ಎದುರು ನಿಂತರೆ ಉಳಿದವರೂ ಚದರಿ ಸಾಯುವರೆಂಬ ನಾಯಕನ ಭಯವು ನ್ಯಾಯವಾದುದೇ. ಬಡಗಿಯ ಹಟವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ದೋಣಿಗಳ ವಿಷಯದಲ್ಲಿ ಆತನಿಗಿಂತ ಹೆಚ್ಚು ಬಲ್ಲವರು ಅಲ್ಲಿ ಯಾರೂ ಇರಲಿಲ್ಲವೆಂಬುದನ್ನೂ ಮರೆಯುವುದಿಲ್ಲ.

ಮುಂದೆ ಎಲ್ಲರೂ ಎಲಿಫೆಂಟ್ ದ್ವೀಪಕ್ಕೆ ಸೇರಿದ ಮೇಲೆ, ೧೯೧೬ರ ಏಪ್ರಿಲ್ ೨೪ರಂದು ಆರು ಮಂದಿ ‘ಜೇಮ್ಸ್ ಕೇರ್ಡ್’ ಎಂಬ ದೋಣಿಯಲ್ಲಿ ಸಹಾಯವನ್ನು ತರಲು ಹೊರಟರು. ಅಂಚುಗಳನ್ನು ಎತ್ತರಿಸಿ, ಜಾರುಬಂಡಿಯ ಮರ, ಪೆಟ್ಟಿಗೆಯ ಮುಚ್ಚಳ, ಕ್ಯಾನ್ವಾಸುಗಳಿಂದ ಮೇಲ್ಹೊದಿಕೆ ಮಾಡಿ, ಸಂದುಗಳನ್ನು ದೀಪದ ಬತ್ತಿಯಿಂದಲೂ ಚಿತ್ರಕಾರನ ಎಣ್ಣೆ ಬಣ್ಣದಿಂದಲೂ ಸೀಲ್ ಪ್ರಾಣಿಯ ರಕ್ತದಿಂದಲೂ ಮುಚ್ಚಿ ಆ ದೋಣಿಯನ್ನು ಸಮುದ್ರಕ್ಕೆ ಯೋಗ್ಯವಾಗಿ ಮಾಡಿದವನು ಮ್ಯಾಕ್ನಿಶನು. ಆರು ಮಂದಿಯಲ್ಲಿ ಆತನೂ ಒಬ್ಬನು. ಜಗಳಗಂಟರನ್ನು ಹಿಂದೆ ಬಿಡುವುದಕ್ಕಿಂತ ತನ್ನ ಕಣ್ಣೆದುರಿಗೆ ಇಟ್ಟುಕೊಳ್ಳುವುದು ಶ್ಯಾಕಲ್ಟನ್ನನ ಪದ್ಧತಿ. ಸುಮಾರು ೮೦೦ ನಾವಿಕ ಮೈಲಿಗಳನ್ನು ದಾಟಿ ದೋಣಿಯು ಮೇ ೧೦ರಂದು ದಕ್ಷಿಣ ಜಾರ್ಜಿಯ ದ್ವೀಪವನ್ನು ಮುಟ್ಟಿತು. ಮೂವರು ಹಿಮದ ಬೆಟ್ಟಗಳನ್ನು ದಾಟಿ ತಿಮಿಂಗಿಲದ ಬೇಟೆಗಾರರ ನೆಲೆಗೆ ನಡೆಯಬೇಕಾದಾಗ ಅವರ ಬೂಟುಗಳು ಜಾರದಂತೆ ದೋಣಿಯ ತಿರುಪುಮೊಳೆಗಳನ್ನು ಕಿತ್ತು ಹೊಡೆದುಕೊಟ್ಟವನೂ ಬಡಗಿಯೇ. ಆಗಸ್ಟ್ ೩೦ರಂದು ದ್ವೀಪದಲ್ಲಿ ಉಳಿದಿದ್ದ ೨೨ ಮಂದಿಯನ್ನೂ ಕರೆತಂದರು. ೨೮ ಮಂದಿಯಲ್ಲಿ ಒಬ್ಬನೂ ಸಾಯಲಿಲ್ಲ.

ಈ ಸಾಹಸಕ್ಕೆ ಬ್ರಿಟಿಷ್ ಅರಸನಿಂದ ಧ್ರುವ ಪದಕವು ಬರುವುದಿದ್ದಿತು. ಯಾರಿಗೆ ಕೊಡಬೇಕೆಂದು ಶಿಫಾರಸು ಮಾಡುವವನು ನಾಯಕನು. ಶ್ಯಾಕಲ್ಟನ್ನನು ನಾಲ್ಕು ಹೆಸರುಗಳನ್ನು ಬಿಟ್ಟನು: ವಿನ್ಸೆಂಟ್, ಹೋಲ್ನೆಸ್, ಸ್ಟೀಫನ್‌ಸನ್, ಮ್ಯಾಕ್ನಿಶ್. ನಾಲ್ವರೂ ಕೆಳಗಿನ ಸಾಲಿನ ಕೆಲಸಗಾರರು. ಹಿಮದ ಮೇಲೆ ಊಟದ ಪಾಲನ್ನು ಕಣ್ಣು ತಿರುಗಿಸಿ ಹಂಚಿಸಿದವನು ಗೌರವದ ಪಾಲನ್ನು ಕಣ್ಣು ಬಿಟ್ಟೇ ಹಂಚಿದನು. ಬಡಗಿಗೆ ಪದಕವನ್ನು ತಪ್ಪಿಸಿದ್ದು ದೊಡ್ಡ ಅನ್ಯಾಯವೆಂದು ತಂಡದ ವೈದ್ಯ ಮ್ಯಾಕ್ಲಿನನೇ ಮುಂದೆ ಹೇಳಿದನು. ಈತನು ನಾಯಕನ ದ್ವೇಷಿಯಲ್ಲ, ಆಪ್ತನು. ನಾಯಕನ ಕೊನೆಯ ಯಾತ್ರೆಯಲ್ಲಿಯೂ ಜತೆಗಿದ್ದು, ೧೯೨೨ರಲ್ಲಿ ಆತನ ಮರಣಶಯ್ಯೆಯ ಬಳಿಯಲ್ಲಿದ್ದವನು. ಅಂಥವನು ಹೇಳಿದ ಮಾತಾದುದರಿಂದ ಅದಕ್ಕೆ ತೂಕ ಹೆಚ್ಚು.

ಮ್ಯಾಕ್ನಿಶನು ನ್ಯೂಜಿಲೆಂಡಿಗೆ ಹೋಗಿ, ಕೈಲಾಗದವನಾಗಿ, ವೆಲ್ಲಿಂಗ್ಟನ್ ನಗರದ ಅನಾಥ ವೃದ್ಧರ ಆಶ್ರಯದಲ್ಲಿದ್ದು ೧೯೩೦ರಲ್ಲಿ ತೀರಿಕೊಂಡನು. ಸೇನಾ ಮರ್ಯಾದೆಯಿಂದ ಹೂಳಿದರೂ ಗೋರಿಗೆ ಗುರುತಿನ ಕಲ್ಲಿರಲಿಲ್ಲ. ೧೯೫೯ರಲ್ಲಿ ಆ ದೇಶದ ಅಂಟಾರ್ಕ್ಟಿಕ್ ಸಂಘದವರು ಒಂದನ್ನು ನಿಲ್ಲಿಸಿದರು. ಆತನನ್ನು ಕೊನೆಯ ದಿನಗಳಲ್ಲಿ ಬಾಲಕನಾಗಿ ಕಂಡಿದ್ದವರೊಬ್ಬರು, ಆ ಮುದುಕನ ಬಾಯಿಂದ ಕೇಳಿದ್ದು ಒಂದೇ ಮಾತು ನೆನಪಿದೆಯೆಂದಿರುವರು: ಶ್ಯಾಕಲ್ಟನ್ನನು ತನ್ನ ಬೆಕ್ಕನ್ನು ಕೊಲ್ಲಿಸಿದನೆಂಬುದು. ಪದಕದ ಸುದ್ದಿಯನ್ನು ಆತನು ಎತ್ತಿದಂತೆ ಕಾಣುವುದಿಲ್ಲ. ೨೦೦೪ರಲ್ಲಿ ಅದೇ ಸಂಘದವರು ಗೋರಿಯ ಮೇಲೆ ಕಂಚಿನ ಬೆಕ್ಕೊಂದನ್ನು, ಬದುಕಿದ್ದ ಬೆಕ್ಕಿನಷ್ಟೇ ದೊಡ್ಡದನ್ನು, ಇರಿಸಿದರು.